ಸಂಗೀತಕ್ಕೆ ಎರಡೇ ಸ್ಪೀಕರ್ ಸಾಕು, ಸರಿಯಾಗಿ ಇಟ್ಟರೆ

ಮನೆಯಲ್ಲಿ ಗಮನವಿಟ್ಟು ಸಂಗೀತ ಕೇಳಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ. ಇರುವ ದುಡ್ಡನ್ನು ಐದು ಸ್ಪೀಕರಿಗೆ ಹಂಚಬೇಡಿ. ಎರಡಕ್ಕೆ ಹಾಕಿ. ಅದರಲ್ಲಿ ಏನಾದರೂ ಉಳಿದರೆ ಕೋಣೆಗೆ ಹಾಕಿ.

ಸಿನಿಮಾ ನೋಡುವವರ ಮಾತು ಬೇರೆ. ಹೆಲಿಕಾಪ್ಟರ್ ತಲೆ ಮೇಲೆ ಹಾದುಹೋಗಬೇಕು, ಗುಂಡು ಬೆನ್ನ ಹಿಂದಿನಿಂದ ಬರಬೇಕು ಅಂದರೆ ಐದೋ ಏಳೋ ಸ್ಪೀಕರ್ ಬೇಕೇ ಬೇಕು, ಆ ಸಿನಿಮಾ ತಯಾರಾಗಿದ್ದೇ ಹಾಗೆ. ನಾನು ಹೇಳುತ್ತಿರುವುದು ಫೋನನ್ನು ಆಚೆ ಕೋಣೆಯಲ್ಲಿಟ್ಟು ಬಂದು, ಒಂದು ಗಂಟೆ ಒಂದೇ ರಾಗದ ಮುಂದೆ ಕೂರುವವರ ಬಗ್ಗೆ. ಇಂಥವರು ನಮ್ಮ ಕಡೆ ಕಡಿಮೆಯೇನಿಲ್ಲ. ಶಿರಸಿ, ಯಲ್ಲಾಪುರ, ಹೊನ್ನಾವರ, ಕುಮಟಾ ಎಲ್ಲಿ ಹೋದರೂ ಹಿಂದೂಸ್ತಾನಿ ಕೇಳುವ ಮನೆಗಳಿವೆ, ಯಕ್ಷಗಾನದ ಭಾಗವತರ ಹಾಡಿಗೆ ರಾತ್ರಿಯಿಡೀ ಕೂರುವ ಜನ ಇದ್ದಾರೆ.

ಆದರೆ ಪೇಟೆಯ ಅಂಗಡಿಗೆ ಹೋಗಿ "ಸಂಗೀತ ಕೇಳೋಕೆ ಒಂದು ಸೆಟ್ ಬೇಕು" ಅಂದರೆ ಮೊದಲು ತೋರಿಸುವುದು 5.1 ಹೋಮ್ ಥಿಯೇಟರ್, ಅಂದರೆ ಐದು ಸ್ಪೀಕರ್, ಜೊತೆಗೆ ತೀರಾ ಕೆಳಗಿನ ದನಿಗೆಂದೇ ಒಂದು ಸಬ್‌ವೂಫರ್. "ಅಷ್ಟೇ ದುಡ್ಡಿಗೆ ಐದು ಸ್ಪೀಕರ್ ಬರ್ತದೆ, ಮೇಲಿಂದ ಸಬ್‌ವೂಫರ್ ಬೇರೆ. ಎರಡೇ ಯಾಕೆ ತಗೋತೀರಿ ಮಾರಾಯ್ರೆ?" ಕೇಳಲಿಕ್ಕೆ ಸರಿ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಐವತ್ತು ಸಾವಿರ ಅಂತ ಇಟ್ಟುಕೊಳ್ಳಿ. ಅದರಲ್ಲಿ ಐದು ಪೆಟ್ಟಿಗೆ, ಒಂದು ಸಬ್‌ವೂಫರ್, ಐದು ಚಾನೆಲಿನ ಆಂಪ್ಲಿಫೈಯರ್, ಡಿಕೋಡರ್, ಎಚ್‌ಡಿಎಂಐ, ರಿಮೋಟ್ ಎಲ್ಲಾ ಬರಬೇಕು. ಒಂದೊಂದು ಸ್ಪೀಕರಿಗೆ ಎಷ್ಟು ಉಳಿಯಿತು? ಒಳ್ಳೇ ಕೋನ್, ಮೇಲಿನ ದನಿಗೆ ಒಳ್ಳೇ ಟ್ವೀಟರ್, ಗಟ್ಟಿ ಪೆಟ್ಟಿಗೆ, ದನಿಯನ್ನು ಕೋನಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರ್, ಇವೆಲ್ಲ ಅಗ್ಗಕ್ಕೆ ಬರುವುದಿಲ್ಲ. ಹಾಗಾಗಿ ಆ ಐದೂ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಗಳಾಗಿ ಬರುತ್ತವೆ.

ಆ ಡಬ್ಬಿಯಲ್ಲಿ ಗಂಡು ದನಿ ಏನಾಗುತ್ತದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ. ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮಂದ್ರ ಪಂಚಮಕ್ಕೆ ಇಳಿದರೆ ಸುಮಾರು 104. ಮೂರು ಇಂಚಿನ ಕೋನ್ ಅಲ್ಲಿಗೆ ಇಳಿಯುವುದೇ ಇಲ್ಲ. ಅದಕ್ಕೇ ಸೆಟ್ ಮಾಡಿದವರು ಕೆಳಗಿನದನ್ನೆಲ್ಲ ಮೂಲೆಯ ಸಬ್‌ವೂಫರಿಗೆ ಕಳಿಸಿರುತ್ತಾರೆ. ಆಲಾಪ ಶುರುವಾಗುತ್ತದೆ, ಗಾಯಕರು ಮಂದ್ರಕ್ಕೆ ಇಳಿಯುತ್ತಾರೆ, ದನಿಯ ಅಡಿಭಾಗ ಸೋಫಾದ ಪಕ್ಕದ ಮೂಲೆಗೆ ಹೋಗುತ್ತದೆ, ಮೇಲ್ಭಾಗ ಟಿವಿ ಹತ್ತಿರವೇ ಉಳಿಯುತ್ತದೆ. ಒಬ್ಬ ಮನುಷ್ಯ ಎರಡು ಕಡೆ ಕೂತು ಹಾಡಿದ ಹಾಗೆ. ರಾಗದ ಭಾರವೆಲ್ಲ ಮಂದ್ರದಲ್ಲೇ ಇರುವಾಗ ಇದನ್ನು ಸಣ್ಣ ಕೊರತೆ ಅಂತ ಬಿಡುವುದು ನನಗೆ ಆಗುವುದಿಲ್ಲ. ಅದೇ ಐವತ್ತು ಸಾವಿರದಲ್ಲಿ ಎರಡು ಒಳ್ಳೇ ಬುಕ್‌ಶೆಲ್ಫ್ ಸ್ಪೀಕರ್, ಐದೂವರೆ ಅಥವಾ ಆರೂವರೆ ಇಂಚಿನ ವೂಫರಿನವು (ಕೆಳಗಿನ ದನಿಯ ಕೋನ್), ಒಂದು ಸಾದಾ ಸ್ಟೀರಿಯೊ ಆಂಪ್ಲಿಫೈಯರ್ ಆರಾಮಾಗಿ ಬರುತ್ತವೆ. ದನಿ ಒಂದೇ ಕಡೆ ನಿಲ್ಲುತ್ತದೆ.

ದುಡ್ಡಿನ ಮಾತು ಅಲ್ಲಿಗೆ ಬಿಡೋಣ. ದುಡ್ಡು ಎಷ್ಟಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಂಗೀತ ಮುಂದಿನಿಂದ ಬರಬೇಕೋ, ಸುತ್ತಲಿಂದ ಬರಬೇಕೋ?

ಸಿದ್ದಾಪುರದ ಕಡೆ ನೆಂಟರ ಮನೆಯಲ್ಲಿ ತಾಳಮದ್ದಲೆ ಇತ್ತು, ವೇಷ ಕುಣಿತ ಇಲ್ಲದೆ ಕೂತೇ ಮಾಡುವ ಯಕ್ಷಗಾನ. ಮೈಕ್ ಇಲ್ಲ, ಜಗಲಿಯಲ್ಲಿ ಜಮಖಾನ ಹಾಸಿ ಕೂತಿದ್ದು. ಗೋಡೆಯ ಕಡೆ ನಡುವೆ ಭಾಗವತರು, ಒಂದು ಪಕ್ಕ ಮದ್ದಲೆ, ಇನ್ನೊಂದು ಪಕ್ಕ ಚಂಡೆ. ಪಾತ್ರದ ಮಾತಾಡುವ ಅರ್ಥಧಾರಿಗಳು ಎರಡೂ ಬದಿಗೆ ಎದುರುಬದುರು. ನಾನು ಕೈಯಲ್ಲಿ ಹಿಡಿಯುವಂಥ ರೆಕಾರ್ಡರನ್ನು ಸಣ್ಣ ಟ್ರೈಪಾಡ್ ಮೇಲೆ ಭಾಗವತರ ಎದುರಿಗೆ ಆಳುದ್ದ ದೂರದಲ್ಲಿ ಇಟ್ಟೆ. ಅದರ ತಲೆಯಲ್ಲಿ ಎರಡು ಮೈಕ್ ಇರುತ್ತವೆ, ಒಂದರ ಮೇಲೊಂದು ಅಡ್ಡ ಹಾಯ್ದು, 90 ಡಿಗ್ರಿ ಕೋನದಲ್ಲಿ. ಬೇರೇನೂ ಇಲ್ಲ. ಮನೆಗೆ ಬಂದು ಅದನ್ನು ಎರಡು ಸ್ಪೀಕರಿನಲ್ಲಿ ಹಾಕಿದೆ. ಭಾಗವತರು ಸರಿಯಾಗಿ ನಡುವೆ, ಅಲ್ಲಿ ಸ್ಪೀಕರೇ ಇಲ್ಲ, ಬರೀ ಗೋಡೆ. ತಾಳದ ಸದ್ದು ಅವರ ಎದೆಯ ಎತ್ತರದಲ್ಲಿ ಇದ್ದ ಹಾಗೆ. ಮದ್ದಲೆ ಎಡಕ್ಕೆ ಒಂದು ಮಾರು ದೂರ. ಚಂಡೆಯ ಏಟು ಬಲಕ್ಕೆ, ಸ್ವಲ್ಪ ಹಿಂದಕ್ಕೆ, ಅದರ ಜೊತೆಗೇ ಆ ಮನೆಯ ಮರದ ಮುಚ್ಚಿಗೆಯಿಂದ ವಾಪಸ್ ಬಂದ ಸಣ್ಣ ದನಿ. ಅರ್ಥಧಾರಿಯೊಬ್ಬರು ಮಾತಿನ ನಡುವೆ ಎದುರಾಳಿಯ ಕಡೆಗೆ ಮುಖ ತಿರುಗಿಸಿದ್ದು ಕೂಡ ಗೊತ್ತಾಗುತ್ತಿತ್ತು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, "ಇಲ್ಲೇ ಕುಂತ್ಕಂಡು ಹಾಡ್ದಂಗೆ ಆಗ್ತು" ಅಂದರು.

ಅದೇ ಫೈಲನ್ನು ಕಾರವಾರದಲ್ಲಿ ಗೆಳೆಯನ ಫ್ಲ್ಯಾಟಿನಲ್ಲಿ ಹಾಕಿದೆವು. ಅವನದು ಅಗ್ಗದ 5.1 ಸೆಟ್ ಅಲ್ಲ, ಒಳ್ಳೇ ರಿಸೀವರ್ (ಎಲ್ಲಾ ಸ್ಪೀಕರಿಗೂ ಸದ್ದು ಹಂಚುವ ಆಂಪ್ಲಿಫೈಯರ್), ಒಳ್ಳೇ ಸ್ಪೀಕರುಗಳು. ರಿಸೀವರ್ ತಾನಾಗೇ ಸರೌಂಡ್ ಮೋಡಿಗೆ, ಅಂದರೆ ಸುತ್ತಲಿಂದ ಸದ್ದು ಕೊಡುವ ಮೋಡಿಗೆ, ಹೋಯಿತು. ಕೋಣೆ ದೊಡ್ಡದಾದ ಹಾಗೆ ಅನಿಸಿತು, ಮೊದಲ ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಚಂಡೆ ಶುರುವಾಯಿತು. ಏಟು ಮುಂದಿನಿಂದ, ಅದರ ಬಾಲ ಬೆನ್ನ ಹಿಂದಿನಿಂದ. ಮದ್ದಲೆಯ ಒಂದಿಷ್ಟು ದನಿ ಪಕ್ಕಕ್ಕೆ ಸರಿದಿತ್ತು. ಭಾಗವತರು ನಡುವಿನ ಸ್ಪೀಕರಿನೊಳಗೆ ಹೋಗಿ ಕೂತಿದ್ದರು, ಟಿವಿಯ ಕೆಳಗೆ, ನೆಲದಿಂದ ಒಂದೂವರೆ ಅಡಿ ಮೇಲೆ.

ಯಾಕೆ ಹೀಗಾಗುತ್ತದೆ ಅಂದರೆ, ಎರಡು ಚಾನೆಲಿನ ಧ್ವನಿಯಿಂದ ಐದು ಮಾಡುವ ಮೋಡ್‌ಗಳು ಎಡ-ಬಲದಲ್ಲಿ ಸಮ ಇರುವುದನ್ನು ನಡುವಿನ ಸ್ಪೀಕರಿಗೆ ತಳ್ಳುತ್ತವೆ, ಎರಡಕ್ಕೂ ಹೊಂದಾಣಿಕೆ ಇಲ್ಲದ್ದನ್ನು ಹಿಂದಕ್ಕೆ ಕಳಿಸುತ್ತವೆ. ಕೋಣೆಯ ಪ್ರತಿಧ್ವನಿ ಸಾಮಾನ್ಯವಾಗಿ ಹೊಂದಾಣಿಕೆ ಇಲ್ಲದ್ದು, ಹಾಗಾಗಿ ಅದು ಹಿಂದೆ ಹೋಗುತ್ತದೆ. ಸಿನಿಮಾಕ್ಕೆ ಈ ಊಹೆ ಸರಿ. ಸಂಗೀತದಲ್ಲಿ ವಾದ್ಯ ಮತ್ತು ಅದರ ಪ್ರತಿಧ್ವನಿ ಒಟ್ಟಿಗೇ ಇರಬೇಕು, ಅವೆರಡನ್ನು ಬೇರೆ ಮಾಡಿದರೆ ವಾದ್ಯ ಎಷ್ಟು ದೂರದಲ್ಲಿದೆ ಅನ್ನುವುದೇ ಕಿವಿಗೆ ಗೊತ್ತಾಗುವುದಿಲ್ಲ. ಗೆಳೆಯನ ರಿಸೀವರಿನಲ್ಲೇ 'ಡೈರೆಕ್ಟ್' ಅಂತ ಒಂದು ಗುಂಡಿ ಇತ್ತು, ಎರಡು ಚಾನೆಲನ್ನು ಇದ್ದ ಹಾಗೇ ಬಿಡುವಂಥದು. ಅದನ್ನು ಒತ್ತಿದ ಮೇಲೆ ಜಗಲಿ ವಾಪಸ್ ಬಂತು. ನಿಮ್ಮ ಮನೆಯಲ್ಲೂ ರಿಸೀವರ್ ಇದ್ದರೆ ಇವತ್ತೇ ಆ ಗುಂಡಿ ಹುಡುಕಿ, ಕಾಸು ಖರ್ಚಿಲ್ಲ.

ನಾನು ಬಳಸಿದ ಅಡ್ಡ ಮೈಕ್ ವಿಧಾನದ ಬೇರು ಹುಡುಕುತ್ತಾ ಹೋದರೆ 1931ಕ್ಕೆ ಹೋಗಿ ನಿಲ್ಲುತ್ತೇವೆ. ಲಂಡನ್ನಿನ ಅಲನ್ ಬ್ಲಮ್ಲೀನ್ ಅನ್ನುವ ಇಂಜಿನಿಯರ್ ಆ ವರ್ಷದ ಡಿಸೆಂಬರಿನಲ್ಲಿ ಸ್ಟೀರಿಯೊ ಪೇಟೆಂಟಿಗೆ ಅರ್ಜಿ ಹಾಕಿದ. ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ 90 ಡಿಗ್ರಿ ಕೋನದಲ್ಲಿಟ್ಟು ಧ್ವನಿ ಹಿಡಿಯುವುದು, ತಟ್ಟೆಯ ಒಂದೇ ಗೀರಿನಲ್ಲಿ ಎರಡು ಚಾನೆಲ್ ಕೆತ್ತುವುದು, ಎಲ್ಲ ಅದರಲ್ಲೇ ಇದೆ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೋಗಿದ್ದ ವಿಮಾನ ಬಿದ್ದು, 38ನೇ ವಯಸ್ಸಿಗೆ ತೀರಿಕೊಂಡ. ಅವನು ಬರೆದಿಟ್ಟದ್ದು ಅಂಗಡಿಗೆ ಬರುವಾಗ 1958. ಎಲ್‌ಪಿ ಗೀರಿಗೆ ಎರಡು ಗೋಡೆಗಳು, ಒಂದು ಗೋಡೆಯಲ್ಲಿ ಎಡ, ಇನ್ನೊಂದರಲ್ಲಿ ಬಲ. ಎರಡೇ ಚಾನೆಲ್ ಯಾಕೆ ಉಳಿಯಿತು ಅಂದರೆ ಮುಖ್ಯ ಕಾರಣ ಇದೇ. ಎರಡೇ ಸರ್ವೋತ್ತಮ ಅಂತ ಯಾರೂ ತೀರ್ಮಾನ ಮಾಡಿದ್ದಲ್ಲ. 1933ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕಳಿಸಿ ಕೇಳಿಸಿದಾಗ ಮೂರು ಚಾನೆಲ್ ಬಳಸಿದ್ದರು, ಎಡ, ನಡು, ಬಲ. 1970ರ ದಶಕದಲ್ಲಿ ನಾಲ್ಕು ಚಾನೆಲಿನ ಕ್ವಾಡ್ ಬಂತು. ಒಂದಕ್ಕೊಂದು ಹೊಂದದ ಹಲವು ಪದ್ಧತಿಗಳು ಪೇಟೆಯಲ್ಲಿ ಗುದ್ದಾಡಿ, ದಶಕ ಮುಗಿಯುವ ಹೊತ್ತಿಗೆ ಎಲ್ಲವೂ ಮೂಲೆ ಸೇರಿದವು. 1982ರ ಸಿ.ಡಿ. ಕೂಡ ಎರಡೇ ಚಾನೆಲ್ ಹಿಡಿದು ಬಂತು.

ಹಾಗಾಗಿ ನಮ್ಮ ಹತ್ತಿರ ಇರುವ ಸಂಗೀತದಲ್ಲಿ ಹೆಚ್ಚುಕಡಿಮೆ ಎಲ್ಲಾ ಎರಡು ಚಾನೆಲಿನದು. ಅದಕ್ಕಿಂತ ಹಿಂದಿನದು ಒಂದೇ ಚಾನೆಲಿನದು, ಅಂದರೆ ಮೋನೊ. ಇದು ನನಗೆ ಬಹಳ ಮುಖ್ಯ. ಮಲ್ಲಿಕಾರ್ಜುನ ಮನ್ಸೂರರ ಹಳೇ 78 ಆರ್‌ಪಿಎಂ ತಟ್ಟೆಗಳು, ಒಂದು ಮುಖಕ್ಕೆ ಮೂರು ನಿಮಿಷ ಚಿಲ್ಲರೆ, ಎಲ್ಲಾ ಮೋನೊ. ಅವರು ಸಂಗೀತ ಸಲಹೆಗಾರರಾಗಿದ್ದ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ನಮ್ಮ ಮನೆಗಳಿಗೆ ತಲುಪಿಸಿದ್ದೂ ಮೋನೊ. ಇಂಥ ಧ್ವನಿಮುದ್ರಿಕೆಯನ್ನು ಸುತ್ತಲೂ ಹರಡಿದರೆ ಅದಕ್ಕೆ ಏನೂ ಸೇರುವುದಿಲ್ಲ, ಇದ್ದ ಒಂದು ಬಿಂದುವೂ ಕರಗಿ ಹೋಗುತ್ತದೆ. ಎರಡು ಸ್ಪೀಕರಿನಲ್ಲಿ ಹಾಕಿದರೂ ಸಣ್ಣ ತೊಂದರೆ ಇದೆ. ನಡುವೆ ನಿಂತ ಹಾಗೆ ಕೇಳುವ ದನಿ ನಿಜವಾಗಿ ಎರಡು ಕಡೆಯಿಂದ ಬರುವುದರಿಂದ, ಒಂದೊಂದು ಕಿವಿಗೂ ದೂರದ ಸ್ಪೀಕರಿನ ಸದ್ದು ಸೆಕೆಂಡಿನ ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು ತಡವಾಗಿ ಮುಟ್ಟುತ್ತದೆ. ಅದರಿಂದ 2000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತದೆ. ಮಾತಿನ ಸ್ಪಷ್ಟತೆ ಇರುವುದೇ ಆ ಆಸುಪಾಸಿನಲ್ಲಿ. ಸ್ಟೀರಿಯೊದಲ್ಲಿ ನನ್ನ ಕಿವಿಗೆ ಚುಚ್ಚುವ ಒಂದೇ ಕೊರತೆ ಇದು, ಮತ್ತು ನಡುವಿನ ಸ್ಪೀಕರ್ ಪರ ವಾದಿಸುವವರ ಅತಿ ಗಟ್ಟಿ ವಾದವೂ ಇದೇ. ಮೋನೊ ಕೇಳುವಾಗ ನಾನು ಒಂದು ಸ್ಪೀಕರಿನ ವೈರ್ ತೆಗೆದು, ಇನ್ನೊಂದನ್ನು ಎದುರಿಗೆ ನಡುವೆ ತಂದಿಟ್ಟುಕೊಳ್ಳುತ್ತೇನೆ. ಮೋನೊ ಅಂದಮೇಲೆ ಎರಡು ಚಾನೆಲಿನಲ್ಲೂ ಒಂದೇ ಧ್ವನಿ, ಏನೂ ಕಳೆದುಹೋಗುವುದಿಲ್ಲ. ಹಳೇ ಗಾಯಕರ ಉಸಿರು, ಅಕ್ಷರ, ತಂಬೂರದ ತಂತಿ, ಎಲ್ಲ ಸ್ಪಷ್ಟವಾಗುತ್ತದೆ. ದಯವಿಟ್ಟು ಒಮ್ಮೆ ಮಾಡಿ ನೋಡಿ.

ಇನ್ನೊಂದು ಕೊರತೆ ಎಲ್ಲರಿಗೂ ಗೊತ್ತಿರುವುದು. ಸ್ಟೀರಿಯೊ ಒಬ್ಬರಿಗೆ. ನಡುವಿನಿಂದ ಪಕ್ಕಕ್ಕೆ ಸರಿದು ಒಂದು ಸ್ಪೀಕರ್ ಇನ್ನೊಂದಕ್ಕಿಂತ ಅಡಿಗಿಂತ ಸ್ವಲ್ಪ ಜಾಸ್ತಿ ಹತ್ತಿರವಾದರೆ, ಅದರ ಸದ್ದು ಒಂದು ಮಿಲಿಸೆಕೆಂಡ್ ಮೊದಲು ಬರುತ್ತದೆ, ಗಾಯಕರು ಪೂರ್ತಿ ಆ ಪೆಟ್ಟಿಗೆಯೊಳಗೆ ಹೋಗಿಬಿಡುತ್ತಾರೆ. ಮನೆಯಲ್ಲಿ ನಾಲ್ಕು ಜನ ಸಾಲಾಗಿ ಕೂತು ಕೇಳುವುದೇ ಹೆಚ್ಚು ಅಂತಾದರೆ ನಡುವೆ ಮೂರನೇ ಸ್ಪೀಕರ್ ಇರುವುದು ನಿಜವಾಗಿ ಉಪಯೋಗ. ಆದರೆ ಅದು ಎಡಬಲದ್ದರ ಜಾತಿಯದೇ ಆಗಿರಬೇಕು, ಅದೇ ಟ್ವೀಟರ್, ಅದೇ ವೂಫರ್, ಅದೇ ಎತ್ತರ. ಟಿವಿ ಕೆಳಗೆ ಅಡ್ಡ ಮಲಗಿಸಿದ ಸಣ್ಣ ಪೆಟ್ಟಿಗೆ ಸಂಗೀತಕ್ಕೆ ಆಗುವುದಿಲ್ಲ.

ಸರೌಂಡ್ ಗೆಲ್ಲುವ ಜಾಗ ಒಂದಿದೆ. ಬೆಂಗಳೂರಿನಲ್ಲಿ ಒಬ್ಬರ ಮನೆಯಲ್ಲಿ ಐದೂ ಒಂದೇ ತೆರನ ದೊಡ್ಡ ಸ್ಪೀಕರ್ ಇದ್ದವು. ನೇರ ಎದುರಿನಿಂದ ಅಳೆದರೆ ಮುಂದಿನ ಎರಡು 30 ಡಿಗ್ರಿಯಲ್ಲಿ, ಹಿಂದಿನ ಎರಡು 110 ಡಿಗ್ರಿ ಆಸುಪಾಸಿನಲ್ಲಿ, ಎಲ್ಲ ಕೂತ ಜಾಗದಿಂದ ಒಂದೇ ದೂರ. ಈ ಕೋನಗಳು ಅಂತರರಾಷ್ಟ್ರೀಯ ಶಿಫಾರಸಿನಲ್ಲೇ ಇರುವಂಥವು. ಅವರು ಬಹುಚಾನೆಲಿನ ಎಸ್‌ಎಸಿಡಿ ಹಾಕಿದರು, ಸಿ.ಡಿ.ಯ ಹಾಗೇ ಕಾಣುವ, ಎರಡಕ್ಕಿಂತ ಹೆಚ್ಚು ಚಾನೆಲ್ ಹಿಡಿಯಬಲ್ಲ ತಟ್ಟೆ. ದೊಡ್ಡ ಇಗರ್ಜಿಯಲ್ಲಿ ಮಾಡಿದ ಗಾಯನವೃಂದದ ಧ್ವನಿಮುದ್ರಿಕೆ, ಐದು ಚಾನೆಲಿನಲ್ಲಿಯೇ ಹಿಡಿದದ್ದು. ಹಾಡುವವರೆಲ್ಲ ಮುಂದೆಯೇ ಇದ್ದರು. ಹಿಂದಿನಿಂದ ಒಂದು ವಾದ್ಯವೂ ಇಲ್ಲ. ಹಾಡು ನಿಂತಾಗ ಮಾತ್ರ ಆ ಕಟ್ಟಡದ ಎತ್ತರ ಗೊತ್ತಾಗುತ್ತಿತ್ತು, ದನಿ ಮುಂದೆ ಮುಗಿದು ನಮ್ಮ ಮೇಲಿಂದ ಹಾದು ಹಿಂದೆ ಆರುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಧ್ವನಿ ನಮ್ಮನ್ನು ಆವರಿಸುತ್ತದೆ ಅನಿಸುವುದು ಪಕ್ಕದ ಗೋಡೆಗಳಿಂದ ಬರುವ ಪ್ರತಿಫಲನದಿಂದ. ಮುಂದಿನ ಎರಡೇ ಸ್ಪೀಕರ್ ಅದನ್ನು ಪಕ್ಕದಿಂದ ತಂದುಕೊಡಲಾರವು. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಪಾಶ್ಚಾತ್ಯ ಆರ್ಕೆಸ್ಟ್ರಾ, ಆರ್ಗನ್, ಗಾಯನವೃಂದ ಇವೇ ನಿಮ್ಮ ಜೀವ ಆಗಿದ್ದು, ಕೈಯಲ್ಲಿ ದುಡ್ಡೂ ಕೋಣೆಯೂ ಇದ್ದರೆ ಐದು ಸ್ಪೀಕರ್ ಹಾಕಿ, ಸಂತೋಷ.

ಆದರೆ ನಾವು ಕೇಳುವ ಸಂಗೀತ ಹುಟ್ಟುವ ಜಾಗ ಎಂಥದು? ಬೈಠಕ್ ಇರುವುದು ಮನೆಯ ದೊಡ್ಡ ಕೋಣೆಯಲ್ಲಿ, ಹತ್ತು ಅಡಿ ದೂರದಲ್ಲಿ. ಯಕ್ಷಗಾನ ಬಯಲಿನಲ್ಲಿ, ಅಲ್ಲಿ ಪಕ್ಕದ ಗೋಡೆಯೂ ಇಲ್ಲ, ಮಾಡೂ ಇಲ್ಲ. ಹಿಮ್ಮೇಳ ರಂಗಸ್ಥಳದಲ್ಲಿ, ನಮ್ಮ ಮುಂದೆ. ಹಿಂದೆ ಏನಿರುತ್ತದೆ, ಚಹಾ ಅಂಗಡಿಯವನ ಸ್ಟೋವ್, ಮಕ್ಕಳ ಗಲಾಟೆ, ಜನರೇಟರ್. ಬಹುಪಾಲು ವಿಡಿಯೊಗಳಲ್ಲಿ ಧ್ವನಿ ಮೈಕ್ ಸೆಟ್ಟಿನ ಮಿಕ್ಸರಿನಿಂದ ನೇರ ತೆಗೆದದ್ದು, ಅಂದರೆ ಮೋನೊ. ಅದನ್ನು ಹಿಂದಿನ ಸ್ಪೀಕರಿಗೆ ಕಳಿಸಿ ಏನು ಸಿಗಬೇಕು?

ಈಗ ಡಾಲ್ಬಿ ಅಟ್ಮೋಸ್ ಅಂತ ಬಂದಿದೆ, ಸುತ್ತಲಿಂದ ಮಾತ್ರ ಅಲ್ಲ, ತಲೆ ಮೇಲಿಂದಲೂ ಸದ್ದು ತರುವ ಪದ್ಧತಿ. ಸಿನಿಮಾ ಮಂದಿರಕ್ಕೆ 2012ರಲ್ಲಿ ಬಂತು, ಆಪಲ್ ಮ್ಯೂಸಿಕ್‌ನಲ್ಲಿ ಸಂಗೀತಕ್ಕೆ 2021ರಲ್ಲಿ. ಹೊಸದಾಗಿ ಅದಕ್ಕೆಂದೇ ಮಿಕ್ಸ್ ಮಾಡಿದ ಹಾಡುಗಳಲ್ಲಿ ಕೆಲವು ಚೆನ್ನಾಗಿವೆ. ಆದರೆ ಎರಡು ವಿಷಯ ನೆನಪಿಡಿ. ಅಲ್ಲಿ ಅಷ್ಟೂ ಚಾನೆಲ್ ಸೇರಿ ಸೆಕೆಂಡಿಗೆ 768 ಕಿಲೋಬಿಟ್, ಕುಗ್ಗಿಸಿ ಕಳೆದುಕೊಂಡು ಬಂದದ್ದು. ಸಾದಾ ಸಿ.ಡಿ.ಯಲ್ಲಿ ಎರಡೇ ಚಾನೆಲಿಗೆ 1411 ಕಿಲೋಬಿಟ್. ಇನ್ನೊಂದು, ಸೌಂಡ್ ಬಾರ್ ಮತ್ತು ಮೇಲ್ಮುಖ ಸ್ಪೀಕರುಗಳು ಸದ್ದನ್ನು ಸೀಲಿಂಗಿಗೆ ಹೊಡೆದು ಕೆಳಗೆ ತರುತ್ತವೆ. ಅದಕ್ಕೆ ಸಮತಟ್ಟಾದ ಗಟ್ಟಿ ಸೀಲಿಂಗ್ ಬೇಕು. ನಮ್ಮ ಮಂಗಳೂರು ಹಂಚಿನ ಇಳಿಜಾರು ಮಾಡಿಗೆ ಹೊಡೆದ ಸದ್ದು ಎಲ್ಲಿಗೋ ಹೋಗುತ್ತದೆ, ಒಂದಿಷ್ಟು ಸಂದಿಯಲ್ಲಿ ಹೊರಗೇ ಹೋಗುತ್ತದೆ. ಹಂಚಿನ ಮನೆಗೆ ಅಂಥದ್ದನ್ನು ತರುವ ಮೊದಲು ಯೋಚನೆ ಮಾಡಿ.

ಹಾಗಂತ ಹಂಚಿನ ಮನೆ ಸಂಗೀತಕ್ಕೆ ಕೆಟ್ಟದ್ದಲ್ಲ, ಬಹಳ ಒಳ್ಳೆಯದು. ಸಮಾನಾಂತರ ಸೀಲಿಂಗ್ ಇಲ್ಲ, ಅಟ್ಟದ ಹಲಗೆ ಬಾಸನ್ನು (ಕೆಳಗಿನ ದನಿಯನ್ನು) ಒಂದಿಷ್ಟು ನುಂಗುತ್ತದೆ, ಚಿರೆಕಲ್ಲಿನ ದಪ್ಪ ಗೋಡೆ ನಡುಗುವುದಿಲ್ಲ. ನೆಲ ಮಾತ್ರ ಗಾರೆಯದು, ನುಣುಪು. ಸ್ಪೀಕರಿಗೂ ನಿಮಗೂ ನಡುವೆ ದಪ್ಪ ಜಮಖಾನ ಹಾಸಿದರೆ ಮುಗಿಯಿತು. ಕಷ್ಟ ಇರುವುದು ಹೊಸ ಆರ್‌ಸಿಸಿ ಮನೆಯ ಹತ್ತಡಿ ಹತ್ತಡಿ ಕೋಣೆಯಲ್ಲಿ. ಎತ್ತರವೂ ಹತ್ತಡಿ ಆದರೆ ಉದ್ದ, ಅಗಲ, ಎತ್ತರ ಮೂರೂ ಕಡೆಯಿಂದ ಸುಮಾರು 56 ಹರ್ಟ್ಸ್‌ನಲ್ಲಿ ಗುಂಯ್ ಅನ್ನುತ್ತದೆ, ಮತ್ತೆ 112ರ ಹತ್ತಿರ. ತಬಲಾದ ಡಗ್ಗಾ ಒಂದೊಂದು ಏಟಿಗೂ ಊದಿಕೊಳ್ಳುತ್ತದೆ. ಕೋಣೆಯ ನಡುವೆ ನಿಂತು ಚಪ್ಪಾಳೆ ಹೊಡೆಯಿರಿ. ಟ್ರಿಂಗ್ ಅಂತ ಲೋಹದ ಸದ್ದು ಬಂದರೆ ಎದುರುಬದುರು ಗೋಡೆಗಳು ಬೋಳು ಅಂತ ಅರ್ಥ. ಅಂಥ ಕೋಣೆಗೆ ಐದು ಸ್ಪೀಕರ್ ತಂದರೆ ಐದು ಕಡೆಯಿಂದ ಅದೇ ತೊಂದರೆ ಶುರು. ಮೊದಲು ಪುಸ್ತಕದ ಕಪಾಟು ಒಂದು ಗೋಡೆಗೆ, ಹತ್ತಿಯ ಹಾಸಿಗೆ ಸುತ್ತಿ ಹಿಂದಿನ ಮೂಲೆಗೆ ನಿಲ್ಲಿಸಿ, ಆಮೇಲೆ ಮಾತಾಡೋಣ. ತೆಳ್ಳನೆಯ ಪರದೆ ಟ್ವೀಟರಿನ ಸದ್ದನ್ನು ಮಾತ್ರ ಹೀರುತ್ತದೆ, ಕೆಳಗಿನದಕ್ಕೆ ದಪ್ಪವೇ ಬೇಕು.

ಸ್ಪೀಕರ್ ಇಡುವ ಕೆಲಸಕ್ಕೆ ಒಂದು ಮಧ್ಯಾಹ್ನ ಬೇಕು. ನಾನು ಗಟ್ಟಿ ದಾರ ಮತ್ತು ಸೀಮೆಸುಣ್ಣ ಹಿಡಿದು ಮಾಡುತ್ತೇನೆ. ಏಳೂವರೆ ಅಡಿ ದಾರ. ಎರಡು ಸ್ಪೀಕರ್ ನಡುವೆ ಅಷ್ಟು, ಒಂದೊಂದರಿಂದ ಕೂರುವ ಜಾಗಕ್ಕೂ ಅಷ್ಟು. ಸಮಭುಜ ತ್ರಿಕೋನ. ಹಿಂದಿನ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ತನ್ನಿ, ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರಲಿ. ನೀವೂ ಗೋಡೆಗೆ ತಲೆ ಒರಗಿಸಿ ಕೂರಬೇಡಿ, ಬಾಸ್ ಎಲ್ಲಾ ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ಆಮೇಲೆ ಇನ್ನೊಬ್ಬರ ಕೈಯಲ್ಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆಯ ಮೇಲೆ ಸರಿಸಲು ಹೇಳಿ. ಕೂತ ಜಾಗದಿಂದ ಕನ್ನಡಿಯಲ್ಲಿ ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿಂದ ಮೊದಲ ಪ್ರತಿಫಲನ ಬರುತ್ತದೆ. ಅಲ್ಲಿ ಮಡಚಿದ ಕಂಬಳಿ ನೇತುಹಾಕಿ. ಗಾಯಕರ ಒಂದು ಧ್ವನಿಮುದ್ರಿಕೆ ಹಾಕಿ ಸ್ಪೀಕರುಗಳನ್ನು ಬೆರಳಷ್ಟು ಬೆರಳಷ್ಟು ಒಳಮುಖ ತಿರುಗಿಸುತ್ತಾ ಹೋಗಿ. ಒಂದು ಹಂತದಲ್ಲಿ ಅಗಲವಾಗಿ ಹರಡಿದ್ದ ದನಿ ಒಟ್ಟುಗೂಡಿ ಒಬ್ಬ ಮನುಷ್ಯನ ಬಾಯಿಯಷ್ಟಾಗುತ್ತದೆ. ತಂಬೂರ ಅವರ ಬೆನ್ನ ಹಿಂದೆ ಬೇರೆಯಾಗಿ ನಿಲ್ಲುತ್ತದೆ. ಅಲ್ಲಿ ನೆಲಕ್ಕೆ ಗುರುತು ಹಾಕಿ. ಕಸ ಗುಡಿಸುವವರಿಗೂ ಹೇಳಿಡಿ.

ಎರಡು ಸ್ಪೀಕರಿಗೆ ಇಷ್ಟು ಕೆಲಸ ಅಂದಮೇಲೆ ಐದಕ್ಕೆ ಎಷ್ಟು ಅಂತ ನೀವೇ ಊಹಿಸಿ. ಹೆಚ್ಚಿನ ಮನೆಗಳಲ್ಲಿ ಹಿಂದಿನ ಎಡ ಸ್ಪೀಕರ್ ಕಪಾಟಿನ ಮೇಲೆ, ಹಿಂದಿನ ಬಲದ್ದು ಬಾಗಿಲ ಹಿಂದೆ. ಅದು ಸರೌಂಡ್ ಅಲ್ಲ.

ನಮ್ಮ ಹವೆಯ ಬಗ್ಗೆಯೂ ಹೇಳಬೇಕು, ಬೇರೆ ಊರಿನವರು ಇದನ್ನು ಬರೆಯುವುದಿಲ್ಲ. ಹಿಂದಿನ ಸ್ಪೀಕರಿನಲ್ಲಿ ಬರುವುದು ಮೆಲ್ಲನೆಯ ಪ್ರತಿಧ್ವನಿ. ಜೂನ್‌ನಿಂದ ಹಂಚಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಮೊದಲು ಮುಚ್ಚಿಹೋಗುವುದು ಅದೇ. ಬೇಸಿಗೆಯಲ್ಲಿ ಫ್ಯಾನ್ ಅದನ್ನು ಮುಚ್ಚುತ್ತದೆ. ಘಟ್ಟದ ಮೇಲೆ ಬೂಸ್ಟು, ಘಟ್ಟದ ಕೆಳಗೆ ಉಪ್ಪುಗಾಳಿ. ಕಾರವಾರದ ಗೆಳೆಯನ ಸ್ಪೀಕರ್ ವೈರಿನ ತುದಿ ಬಿಚ್ಚಿ ನೋಡಿದರೆ ತಾಮ್ರ ಹಸಿರು ಕಿಲುಬು ಹಿಡಿದಿತ್ತು, ಒಂದೊಂದು ತುದಿಯನ್ನೂ ಕತ್ತರಿಸಿ ಹೊಸದಾಗಿ ಸುಲಿದು ಹಾಕಬೇಕಾಯಿತು. ಎರಡು ಸ್ಪೀಕರಿಗೆ ಎಂಟು ತುದಿ, ಐದಕ್ಕೆ ಇಪ್ಪತ್ತು. ಸ್ಪೀಕರ್ ಕೊಳ್ಳುವಾಗ ಕೋನ್ ಸುತ್ತಲಿನ ಅಂಚು ಫೋಮಿನದೋ ರಬ್ಬರಿನದೋ ನೋಡಿ. ಫೋಮ್ ನಮ್ಮ ತೇವಕ್ಕೆ ಪುಡಿಯಾಗುತ್ತದೆ, ರಬ್ಬರಿನದೇ ತಗೊಳ್ಳಿ. ಮಳೆಗಾಲದಲ್ಲಿ ಆಂಪ್ಲಿಫೈಯರನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಹಾಕಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ಮಾತ್ರ ಮರೆಯಬೇಡಿ. ಸ್ವಿಚ್ ಆರಿಸಿದರೆ ಸಾಲದು.

ಸಬ್‌ವೂಫರ್ ಬೇಡವೇ ಅಂತ ಕೇಳುತ್ತಾರೆ. ಹಿಂದೂಸ್ತಾನಿ ಗಾಯನಕ್ಕೆ, ಭಾಗವತಿಕೆಗೆ ಬೇಡ. 5.1ರ ಆ '.1' ಇರುವುದು ಸಿನಿಮಾದ ಸ್ಫೋಟಗಳಿಗೆ. ಡಗ್ಗಾ, ಪಖಾವಾಜ್ ಜಾಸ್ತಿ ಕೇಳುವವರು ಎರಡು ಸ್ಪೀಕರ್ ಕೂತು ಹೊಂದಿಕೊಂಡ ಮೇಲೆ ಒಂದು ಸಣ್ಣದು ಸೇರಿಸಬಹುದು, 60 ಹರ್ಟ್ಸ್‌ಗಿಂತ ಕೆಳಗೆ ಮಾತ್ರ ಬಿಟ್ಟು, ಅದು ಇದೆ ಅಂತ ಗೊತ್ತಾಗದಷ್ಟು ಮೆಲ್ಲಗೆ.

ಹೊಸ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು. ನನ್ನ ಚಿಕ್ಕಪ್ಪನ ಮಗ ಕುಮಟಾದಲ್ಲಿ ಮನೆ ಕಟ್ಟಿಸುತ್ತಿದ್ದಾನೆ, "ಅಣ್ಣ, ಐದು ಸ್ಪೀಕರಿಗೆ ವೈರಿಂಗ್ ಮಾಡಿಸಲಾ?" ಅಂತ ಕೇಳಿದ. ಮಾಡಿಸು ಅಂದೆ. ಗೋಡೆಯೊಳಗೆ ಪೈಪ್ ಹಾಕಿಸುವುದು ಈಗ ಕೆಲವು ನೂರು ರೂಪಾಯಿಯ ಕೆಲಸ, ಆಮೇಲೆ ಗೋಡೆ ಒಡೆಯುವುದು ಸಾವಿರಗಟ್ಟಲೆ. ಒಂದು ಇಂಚಿನ ಪೈಪ್ ಹಾಕಿಸು, ಒಳಗೆ ಎಳೆಯಲು ತಂತಿ ಬಿಡು, ತುದಿಗೆ ಮುಚ್ಚಳ ಹಾಕು, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಹಾಲನ್ನು ಚೌಕ ಮಾಡಬೇಡ, ಹನ್ನೆರಡಕ್ಕೆ ಹದಿನೇಳು ಅಡಿ ಆದರೂ ಇರಲಿ. ಆಂಪ್ಲಿಫೈಯರ್ ಇಡುವ ಕಡೆ ಅರ್ತಿಂಗ್ ಸರಿಯಾಗಿ ಮಾಡಿಸು. ಈಗ ಎರಡು ಸ್ಪೀಕರ್ ತಗೋ, ಮಕ್ಕಳು ಸಿನಿಮಾಕ್ಕೆ ಬೇಕು ಅಂದ ದಿನ ಉಳಿದ ಮೂರು ತಂದರಾಯಿತು. ಕೊಳ್ಳಲು ಹೋಗುವಾಗ ಅಂಗಡಿಯವರ ಡೆಮೊ ಹಾಡು ಕೇಳಬೇಡ, ಆ ತಾಳಮದ್ದಲೆಯ ಫೈಲ್ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ, ಅದನ್ನು ಹಾಕಿಸು. ಭಾಗವತರು ಎರಡು ಪೆಟ್ಟಿಗೆಯ ನಡುವೆ, ಕೂತ ಎತ್ತರದಲ್ಲಿ ಸಿಗದಿದ್ದರೆ ಬೇರೆ ಸ್ಪೀಕರ್ ತೋರಿಸಿ ಅನ್ನು.